ಅಮ್ಮನ ಹೊಟ್ಟೆಯ ಗಡ್ಡೆ ಬರೀ ಕೊಬ್ಬಲ್ಲವಂತೆ, ಈಗೇನು ಮಾಡಲಿ?

ಓದುಗರ ಪ್ರಶ್ನೆಗಳಿಗೆ ಶಿವಮೊಗ್ಗದ ನಿವೃತ್ತ ಪೆಥಾಲಜಿ ವೈದ್ಯೆಯ ಉತ್ತರ

ಪ್ರಶ್ನೆ: ನನ್ನ ಅಮ್ಮನಿಗೆ 59 ವರ್ಷ. ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ಕಳೆದ ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಕೂತಾಗ ‘ಮುಂದೆ ಬಗ್ಗೋಕೆ ಆಗ್ತಿಲ್ಲ, ಹೊಟ್ಟೆ ಅಡ್ಡ ಬರ್ತಿದೆ’ ಅಂದರು. ಗ್ಯಾಸ್ ಇರಬೇಕು ಅಂತ ಸುಮ್ಮನಾದೆವು. ಮುಖ, ಕೈಕಾಲು ಸೊರಗುತ್ತಾ ಬಂತು. ಹೊಟ್ಟೆ ಮಾತ್ರ ದೊಡ್ಡದಾಯಿತು. ಈಗ ಸಿಟಿ ಸ್ಕ್ಯಾನ್ ಮಾಡಿಸಿದರೆ 17 ಸೆಂ.ಮೀ. ಗಡ್ಡೆ ಇದೆ, ‘ಮೆಸೆಂಟರಿಯ ಲೈಪೋಸಾರ್ಕೋಮಾ ಇರಬಹುದು’ ಅಂತ ಬರೆದಿದ್ದಾರೆ. ಒಬ್ಬ ಡಾಕ್ಟರು ಮುಂದಿನ ವಾರವೇ ತೆಗೆದುಬಿಡೋಣ ಅನ್ನುತ್ತಾರೆ. ಇನ್ನೊಬ್ಬರು ಮೊದಲು ಬಯಾಪ್ಸಿ ಆಗಲಿ ಅನ್ನುತ್ತಾರೆ. ಸೂಜಿ ಚುಚ್ಚಿದರೆ ಹರಡುತ್ತದೆ ಅಂತ ಮನೆಯವರಿಗೆ ಹೆದರಿಕೆ. ಅಮ್ಮ ‘ತುಪ್ಪ ಜಾಸ್ತಿ ತಿಂದೆ, ಅದಕ್ಕೇ ಬಂತು’ ಅಂತ ಅಳುತ್ತಾರೆ.
– ಹೆಸರು ಬೇಡ, ಹೊಸನಗರ ತಾಲೂಕು

ಉತ್ತರ: ಮೊದಲು ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಷ್ಟನ್ನು ಓದಿ ಹೇಳಿ. ತುಪ್ಪ ತಿಂದಿದ್ದಕ್ಕೆ ಇದು ಬರುವುದಿಲ್ಲ. ಕೂತು ಅಡಿಕೆ ಸುಲಿದಿದ್ದಕ್ಕೂ ಬರುವುದಿಲ್ಲ. ನಾವು ತಿನ್ನುವ ಕೊಬ್ಬು ಹೊಟ್ಟೆಯೊಳಗೆ ಹೋಗಿ ಗಡ್ಡೆ ಕಟ್ಟುವುದಲ್ಲ ಇದು. ಕೊಬ್ಬಿನ ಜೀವಕೋಶದ ಒಳಗಿನ ವರ್ಣತಂತುವಿನಲ್ಲಿ ಏನೋ ಕೆಟ್ಟು, ಆ ಕೋಶ ತನ್ನ ಪಾಡಿಗೆ ಹೆಚ್ಚುತ್ತಾ ಹೋಗುವುದು. ಅಮ್ಮ ಯಾವ ತಪ್ಪೂ ಮಾಡಿಲ್ಲ. ಮನೆಯಲ್ಲಿ ಯಾರಿಗೂ ಅಂಟುವುದಿಲ್ಲ. ತಟ್ಟೆ ಲೋಟ ಬೇರೆ ಇಡಬೇಡಿ. ಇದನ್ನು ಯಾಕೆ ಬರೆದೆ ಅಂದರೆ, ಹಾಗೆ ಬೇರೆ ಇಟ್ಟ ಮನೆಗಳನ್ನು ನಾನು ಕಂಡಿದ್ದೇನೆ.

ಈಗ ಗಡ್ಡೆಯ ವಿಷಯ. ಮೆಸೆಂಟರಿ ಅಂದರೆ ಸಣ್ಣ ಕರುಳನ್ನು ಬೆನ್ನಿನ ಕಡೆಯ ಗೋಡೆಗೆ ಕಟ್ಟಿ ಹಿಡಿದಿರುವ ಪೊರೆ. ಅದು ಹೇಗಿರುತ್ತದೆ ಅಂತ ಅಮ್ಮನಿಗೆ ಹೇಳಬೇಕಾದರೆ ಸೀರೆಯ ನೆರಿಗೆ ತೋರಿಸಿ. ಸೊಂಟದಲ್ಲಿ ಸಿಕ್ಕಿಸುವ ಜಾಗ ಒಂದು ಗೇಣು. ಕೆಳಗೆ ಅಂಚು ಬಿಚ್ಚಿಕೊಂಡು ಹರಡುತ್ತದೆ. ಇದೂ ಹಾಗೇ. ಬುಡದಲ್ಲಿ ಸುಮಾರು 15 ಸೆಂ.ಮೀ. ಇರುತ್ತದೆ, ಅಂಚಿನಲ್ಲಿ ಸುಮಾರು 6 ಮೀಟರ್ ಉದ್ದದ ಕರುಳನ್ನು ಹೊತ್ತಿರುತ್ತದೆ. ಕರುಳಿಗೆ ರಕ್ತ ಒಯ್ಯುವ ನಾಳಗಳೆಲ್ಲ ಈ ನೆರಿಗೆಯೊಳಗೇ ಹಾದು ಹೋಗುತ್ತವೆ. ನಡುನಡುವೆ ಕೊಬ್ಬು ತುಂಬಿರುತ್ತದೆ. ನಿಮ್ಮ ಅಮ್ಮನ ಗಡ್ಡೆ ಹುಟ್ಟಿರುವುದು ಆ ಕೊಬ್ಬಿನಲ್ಲಿ.

ಇದು ಅಪರೂಪದ ಕಾಯಿಲೆ. ದೊಡ್ಡವರಿಗೆ ಬರುವ 100 ಕ್ಯಾನ್ಸರ್‌ಗಳಲ್ಲಿ ಸಾರ್ಕೋಮಾ ಸುಮಾರು 1. ಕೊಬ್ಬು, ಸ್ನಾಯು, ನರ, ರಕ್ತನಾಳ, ಹೀಗೆ ದೇಹದ ಮೆತ್ತನೆ ಭಾಗಗಳಲ್ಲಿ ಹುಟ್ಟುವ ಇವುಗಳಲ್ಲಿ 50ಕ್ಕೂ ಹೆಚ್ಚು ಬಗೆ ಇವೆ. ಅದರಲ್ಲಿ ಕೊಬ್ಬಿನದು ಲೈಪೋಸಾರ್ಕೋಮಾ. ಸಾಮಾನ್ಯವಾಗಿ ಇದು ತೊಡೆಯಲ್ಲಿ ಕಾಣಿಸುತ್ತದೆ, ಇಲ್ಲವೇ ಹೊಟ್ಟೆಯ ಹಿಂಭಾಗದಲ್ಲಿ, ಮೂತ್ರಪಿಂಡದ ಸುತ್ತಮುತ್ತ. ಕರುಳಿನ ಪೊರೆಯಲ್ಲೇ ಹುಟ್ಟುವುದು ಬಹಳ ಕಡಿಮೆ. ಹೊಟ್ಟೆಯೊಳಗೆ ಜಾಗ ಧಾರಾಳ. ಕರುಳನ್ನು ಪಕ್ಕಕ್ಕೆ ತಳ್ಳಿಕೊಂಡು ಗಡ್ಡೆ ಸದ್ದಿಲ್ಲದೆ ಬೆಳೆಯುತ್ತದೆ. ನೋವಿಲ್ಲ, ರಕ್ತ ಇಲ್ಲ, ಜ್ವರ ಇಲ್ಲ. ಲಂಗದ ಲಾಡಿ ಬಿಗಿಯಾಯಿತು, ಬಗ್ಗಲು ಆಗಲಿಲ್ಲ ಅನ್ನುವುದೇ ಮೊದಲ ಸುಳಿವು. ‘ಮೊದಲೇ ಗೊತ್ತಾಗಬೇಕಿತ್ತು’ ಅಂತ ನೀವೂ ಕೊರಗಬೇಡಿ.

ಮುಂದಿನ ವಾರವೇ ಆಪರೇಷನ್ ಬೇಕಾ? ಕರುಳು ಕಟ್ಟಿಕೊಂಡು ವಾಂತಿಯಾಗುತ್ತಿಲ್ಲ, ಮಲ ಗಾಳಿ ಸರಿಯಾಗಿ ಹೋಗುತ್ತಿದೆ ಅನ್ನುವುದಾದರೆ ಬೇಡ. ಎರಡು ಮೂರು ವಾರ ಕೈಯಲ್ಲಿದೆ. ಆ ವಾರಗಳನ್ನು ಸರಿಯಾದ ಜಾಗ ಹುಡುಕಲು ಬಳಸಿ. ಈ ಕಾಯಿಲೆಯಲ್ಲಿ ಮೊದಲ ಆಪರೇಷನ್ನೇ ಎಲ್ಲಕ್ಕಿಂತ ದೊಡ್ಡದು. ಗಡ್ಡೆಯನ್ನು ಒಡೆಯದೆ, ತುಂಡು ತುಂಡು ಮಾಡದೆ, ಬೇಕಾದರೆ ಅಂಟಿದ ಕರುಳಿನ ಭಾಗವನ್ನೂ ಸೇರಿಸಿ ಇಡಿಯಾಗಿ ತೆಗೆಯಬೇಕು. ಒಮ್ಮೆ ಒಡೆದರೆ ಅದರ ಕೋಶಗಳು ಹೊಟ್ಟೆಯೆಲ್ಲ ಚೆಲ್ಲುತ್ತವೆ. ಆಮೇಲೆ ಎಷ್ಟು ಒಳ್ಳೆಯ ಸರ್ಜನ್ ಬಂದರೂ ಮೊದಲ ಸಲದ ಅವಕಾಶ ಮತ್ತೆ ಸಿಗುವುದಿಲ್ಲ. ಅದರಲ್ಲೂ ಗಡ್ಡೆ ನೆರಿಗೆಯ ಬುಡದ ಹತ್ತಿರ ಇದ್ದರೆ ಇಡೀ ಕರುಳಿಗೆ ರಕ್ತ ಕೊಡುವ ಮುಖ್ಯ ನಾಳ ಪಕ್ಕದಲ್ಲೇ ಇರುತ್ತದೆ. ಇಂಥದ್ದನ್ನು ಮತ್ತೆ ಮತ್ತೆ ಮಾಡಿ ಪಳಗಿದ ಕೈಯೇ ಬೇಕು.

ಹಾಗಾಗಿ ನನ್ನ ಸಲಹೆ, ಸಿಟಿ ಸ್ಕ್ಯಾನಿನ ಸಿಡಿ ಹಿಡಿದು ಕ್ಯಾನ್ಸರ್ ಸರ್ಜನ್, ರೇಡಿಯಾಲಜಿ, ಪೆಥಾಲಜಿ, ಕಿಮೊಥೆರಪಿಯವರು ಒಟ್ಟಿಗೆ ಕೂತು ಚರ್ಚೆ ಮಾಡುವ ಆಸ್ಪತ್ರೆಗೆ ಹೋಗಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಇದೆ. ತಾಳಗುಪ್ಪದಿಂದ ಬರುವ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಆಗುಂಬೆ ಘಾಟಿ ಇಳಿದರೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ. ನಿಮ್ಮದು ಬಿಪಿಎಲ್ ಕಾರ್ಡ್ ಆದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ 30% ಮಾತ್ರ, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಹೊರಡುವ ಮುಂಚೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ರೆಫರಲ್ ಪತ್ರ ಮಾಡಿಸಿಕೊಳ್ಳಿ. ಆ ಕಾಗದ ಇಲ್ಲದೆ ಅಲ್ಲಿಗೆ ಹೋಗಿ ವಾಪಸ್ ಬಂದವರ ಕಷ್ಟ ನೋಡೋಕಾಗಲ್ಲ.

ಬಯಾಪ್ಸಿಯ ಭಯ ಬಿಡಿ. ಸ್ಕ್ಯಾನ್ ನೋಡಿಕೊಂಡು ಸರಿಯಾದ ದಾರಿಯಲ್ಲಿ ದಪ್ಪ ಸೂಜಿಯಿಂದ ಎಳೆಯಂಥ ಚೂರು ತೆಗೆದರೆ ಅದರಿಂದ ಹರಡುವ ಸಾಧ್ಯತೆ ತೀರಾ ಕಡಿಮೆ. ಆದರೆ ಅದನ್ನು ಆಪರೇಷನ್ ಮಾಡುವ ಜಾಗದಲ್ಲೇ ಮಾಡಿಸಿ. ಎಲ್ಲಿ ಚುಚ್ಚಬೇಕು ಅನ್ನುವುದನ್ನು ಆ ಸರ್ಜನ್ನೇ ಹೇಳಬೇಕು. ಇಂಥ ಗಡ್ಡೆಯಲ್ಲಿ ಒಂದು ಕಡೆ ಬರೀ ಕೊಬ್ಬು, ಇನ್ನೊಂದು ಕಡೆ ಗಟ್ಟಿ ಭಾಗ ಇರಬಹುದು. ಗಟ್ಟಿ ಭಾಗದಿಂದ ಚೂರು ಬರಬೇಕು. ತೆಳು ಸೂಜಿಯಲ್ಲಿ ಬರೀ ಕೋಶ ಹೀರಿ ನೋಡುವ ಎಫ್‌ಎನ್‌ಎಸಿ ಇದಕ್ಕೆ ಸಾಲದು. ಸ್ಕ್ಯಾನಿನಲ್ಲಿ ಪೂರ್ತಿ ಕೊಬ್ಬೇ ಕಂಡರೆ ಅನುಭವಿ ತಂಡದವರು ಬಯಾಪ್ಸಿ ಬೇಡ ಅಂತಲೂ ಹೇಳಬಹುದು. ಅವರು ಹಾಗೆ ಹೇಳಿದರೆ ಒಪ್ಪಿಕೊಳ್ಳಿ.

ಇನ್ನೊಂದು ಮಾತು. ಇದನ್ನು ಹೇಳಲೆಂದೇ ನಿಮ್ಮ ಪತ್ರವನ್ನು ಮೊದಲು ತೆಗೆದುಕೊಂಡೆ.

ನಾನು 31 ವರ್ಷ ಮೈಕ್ರೋಸ್ಕೋಪಿನ ಮುಂದೆ ಕೂತವಳು. 1990ರ ದಶಕದಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕೊಪ್ಪದ ಕಡೆಯ ಒಬ್ಬ ರೈತರ ಹೊಟ್ಟೆಯಿಂದ ತೆಗೆದ ಗಡ್ಡೆಯ ಎರಡು ಚೂರು ನನ್ನ ಮೇಜಿಗೆ ಬಂದವು. ಗಡ್ಡೆ ತೆಂಗಿನಕಾಯಿಗಿಂತ ದೊಡ್ಡದಿತ್ತಂತೆ. ನನಗೆ ಬಂದಿದ್ದು ಅಡಿಕೆ ಹೋಳಿನಷ್ಟು ಎರಡು ಚೂರು, ಉಪ್ಪಿನಕಾಯಿ ಡಬ್ಬದಲ್ಲಿ. ಉಳಿದಿದ್ದನ್ನು ಎಸೆದಿದ್ದರು. ಸ್ಲೈಡ್ ಮಾಡುವಾಗ ಸ್ಪಿರಿಟ್ಟು, ಜೈಲೀನು ಸೇರಿ ಕೊಬ್ಬನ್ನೆಲ್ಲ ಕರಗಿಸಿಬಿಡುತ್ತವೆ. ಹಾಗಾಗಿ ಕೊಬ್ಬಿನ ಕೋಶ ನಮಗೆ ಕಾಣುವುದು ಜೇನು ಹಿಂಡಿದ ಎರಿಯ ಹಾಗೆ, ಬರೀ ಖಾಲಿ ಬಿಳಿ ಕೋಣೆಗಳು. ಒಳ್ಳೆಯ ಕೊಬ್ಬೂ ಹಾಗೇ, ಈ ಕ್ಯಾನ್ಸರಿನ ಬಹುಪಾಲೂ ಹಾಗೇ. ವ್ಯತ್ಯಾಸ ಇರುವುದು ಕೋಣೆಗಳ ನಡುವೆ ಹಾದುಹೋಗುವ ಗುಲಾಬಿ ಪಟ್ಟಿಗಳಲ್ಲಿ. ಅಲ್ಲೊಂದು ಇಲ್ಲೊಂದು, ಸುತ್ತಲಿನವಕ್ಕಿಂತ ಎರಡು ಮೂರು ಪಟ್ಟು ದೊಡ್ಡದಾದ, ಕಡು ನೇರಳೆ ಬಣ್ಣದ ಅಂಕುಡೊಂಕು ಕೋಶಕೇಂದ್ರ ಸಿಗುತ್ತದೆ. ಇಡೀ ಸ್ಲೈಡಿನಲ್ಲಿ ನಾಲ್ಕೈದು ಇದ್ದರೂ ಇರಬಹುದು. ಆ ಎರಡು ಚೂರಿನಲ್ಲಿ ನನಗೆ ಅದು ಕಾಣಲಿಲ್ಲ. ‘ಲೈಪೋಮಾ’ ಅಂತ ಬರೆದುಕೊಟ್ಟೆ. ಅಂದರೆ ನಿರುಪದ್ರವಿ ಕೊಬ್ಬಿನ ಗಡ್ಡೆ. ಅವರು ಸಿಹಿ ಹಂಚಿದರಂತೆ.

ಮೂರು ವರ್ಷಕ್ಕೆ ಅವರು ಮತ್ತೆ ಬಂದರು. ಗಡ್ಡೆ ಮೊದಲಿಗಿಂತ ದೊಡ್ಡದಾಗಿತ್ತು. ಮಧ್ಯದಲ್ಲಿ ಕಲ್ಲಿನಂಥ ಬಿಳಿ ಭಾಗ. ಕೊಬ್ಬಿನ ಗುರುತೇ ಅಳಿಸಿಹೋಗುವಷ್ಟು ಕೆಟ್ಟ ರೂಪಕ್ಕೆ ತಿರುಗಿತ್ತು. ಹಳೆಯ ಸ್ಲೈಡ್ ತೆಗೆದು ಒಂದು ಮಧ್ಯಾಹ್ನ ಪೂರ್ತಿ ಹುಡುಕಿದೆ. ಒಂದು ಮೂಲೆಯಲ್ಲಿ ಇತ್ತು. ಒಂದೇ ಒಂದು. ಆ ಊರಿನ ಬಸ್ ಈಗಲೂ ಕಣ್ಣಿಗೆ ಬಿದ್ದರೆ ಅವರ ನೆನಪಾಗುತ್ತದೆ.

ಅಂದಿನಿಂದ ನಾನು ‘ಹೊಟ್ಟೆಯೊಳಗಿನ ದೊಡ್ಡ ಕೊಬ್ಬಿನ ಗಡ್ಡೆ’ ಅಂದರೆ ಲೈಪೋಮಾ ಅನ್ನುವ ಪದವನ್ನು ಬೇಗ ಬರೆಯಲಿಲ್ಲ. ಗಡ್ಡೆಯ ಪ್ರತಿ ಸೆಂಟಿಮೀಟರಿಗೆ ಒಂದರಂತೆ ಚೂರು ತೆಗೆದು ನೋಡಬೇಕು ಅನ್ನುವುದು ನಮ್ಮ ರೂಢಿ. ನಿಮ್ಮ ಅಮ್ಮನದಕ್ಕೆ ಹತ್ತಿರ ಹತ್ತಿರ 17. ಈಗ ಇನ್ನೊಂದು ಪರೀಕ್ಷೆ ಇದೆ. 12ನೇ ವರ್ಣತಂತುವಿನಲ್ಲಿರುವ ಎಂಡಿಎಂ2 ಅನ್ನುವ ವಂಶವಾಹಿ, ಆರೋಗ್ಯವಂತ ಕೋಶದಲ್ಲಿ ಎರಡು ಪ್ರತಿ ಇರುತ್ತದೆ. ಈ ಲೈಪೋಸಾರ್ಕೋಮಾದಲ್ಲಿ ಅದು ಹತ್ತಾರು ಆಗಿರುತ್ತದೆ. ಫಿಶ್ ಅನ್ನುವ ಪರೀಕ್ಷೆಯಲ್ಲಿ ಅದಕ್ಕೆ ಹೊಳೆಯುವ ಬಣ್ಣ ಕಟ್ಟಿ ಕತ್ತಲಲ್ಲಿ ನೋಡುತ್ತಾರೆ. ಮಾಮೂಲಿ ಕೋಶದಲ್ಲಿ ಎರಡೇ ಚುಕ್ಕಿ. ಇದರಲ್ಲಿ, ಮಳೆ ಹಿಡಿಯುವ ಮುಂಚೆ ನಮ್ಮ ಮರಗಳಲ್ಲಿ ಮಿಂಚುಹುಳು ಮುತ್ತಿದ ಹಾಗೆ. ನಾನು ಮೊದಲ ಸಲ ನೋಡಿದಾಗ ಕೊಪ್ಪದ ಆ ರೈತರಿಗೆ ಇದು ಸಿಗಬೇಕಿತ್ತು ಅನ್ನಿಸಿತು.

ಇದರಿಂದ ನೀವು ಮಾಡಬೇಕಾದ್ದು ಇಷ್ಟು. ಆಪರೇಷನ್ನಿಗೆ ಮುಂಚೆಯೇ ಕೇಳಿ: ಗಡ್ಡೆ ಪೂರ್ತಿ ಪೆಥಾಲಜಿಗೆ ಹೋಗುತ್ತಾ? ಫಾರ್ಮಾಲಿನ್‌ನಲ್ಲಿ ಇಡುತ್ತಾರಾ? ನೀರು, ಸಲೈನ್‌ನಲ್ಲಿ ಇಟ್ಟರೆ ಕೊಳೆಯುತ್ತದೆ, ನಮಗೆ ಏನೂ ಕಾಣುವುದಿಲ್ಲ. ರಿಪೋರ್ಟ್ ಬಂದ ಮೇಲೆ ಬ್ಲಾಕ್ ಮತ್ತು ಸ್ಲೈಡ್ ಕೇಳಿ ಪಡೆಯಿರಿ. ಬ್ಲಾಕ್ ಅಂದರೆ ಚೂರನ್ನು ಮೇಣದಲ್ಲಿ ಅಚ್ಚು ಹಾಕಿಟ್ಟಿದ್ದು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಎರಡನೇ ಅಭಿಪ್ರಾಯ ಬೇಕಾದರೆ ಅದೇ ಆಧಾರ, ರಿಪೋರ್ಟಿನ ಜೆರಾಕ್ಸ್ ಅಲ್ಲ. ಬಸ್ಸಿನಲ್ಲಿ ಒಯ್ಯುವಾಗ ಎಂಜಿನ್ ಪಕ್ಕ ಇಡಬೇಡಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಮೇಣ ಕರಗುತ್ತದೆ. ನಿಮಗೆ ಯಾರಾದರೂ ಕೊಡೋಕಾಗಲ್ಲ ಅಂದರೆ ಬರಹದಲ್ಲಿ ಅರ್ಜಿ ಕೊಡಿ.

ಪ್ರಶ್ನೆ: ನನಗೆ 34. ಎರಡೂ ಕೈಗಳಲ್ಲಿ ಚರ್ಮದ ಕೆಳಗೆ ಗೋಲಿಯಂಥ ಗಂಟುಗಳಿವೆ. ಒತ್ತಿದರೆ ಜಾರುತ್ತವೆ. ಕೊಬ್ಬಿನ ಗಂಟು ಅಂದರು. ಇವು ಮುಂದೆ ಕ್ಯಾನ್ಸರ್ ಆಗುತ್ತವಾ?
– ತೀರ್ಥಹಳ್ಳಿ

ಉತ್ತರ: ಇಲ್ಲ. ನೀವು ಹೇಳುವುದು ಮಾಮೂಲಿ ಲೈಪೋಮಾ. ಅದು ಲೈಪೋಸಾರ್ಕೋಮಾ ಆಗಿ ಬದಲಾಗುವುದಿಲ್ಲ, ಎರಡರ ಹುಟ್ಟೇ ಬೇರೆ. ನೆಮ್ಮದಿಯಾಗಿರಿ. ಆದರೆ ಯಾವುದೇ ಗಂಟು 5 ಸೆಂ.ಮೀ. ದಾಟಿದರೆ, ಅಂದರೆ ದೊಡ್ಡ ನಿಂಬೆಹಣ್ಣಿನಷ್ಟಾದರೆ, ಬೇಗ ಬೇಗ ಬೆಳೆದರೆ, ಸ್ನಾಯುವಿನ ಆಳದಲ್ಲಿ ಅಲುಗದೆ ಕೂತಿದ್ದರೆ ಸ್ಕ್ಯಾನ್ ಮಾಡಿಸದೆ ಯಾರಿಂದಲೂ ಕೊಯ್ಸಿಕೊಳ್ಳಬೇಡಿ.

ಪ್ರಶ್ನೆ: ಅಣ್ಣನಿಗೆ 42. ಹೊಟ್ಟೆಯ ಗಡ್ಡೆಯ ಬಯಾಪ್ಸಿಯಲ್ಲಿ ‘ಮಿಕ್ಸಾಯ್ಡ್ ಲೈಪೋಸಾರ್ಕೋಮಾ’ ಅಂತ ಬಂದಿದೆ. ಮನೆಯವರು ಮೂರು ತಿಂಗಳು ಚಕ್ಕೆ ಕಷಾಯ ಕೊಟ್ಟು ನೋಡಿ, ಆಮೇಲೆ ಆಪರೇಷನ್ ಅನ್ನುತ್ತಿದ್ದಾರೆ.
– ಸಾಗರ

ಉತ್ತರ: ಮೂರು ತಿಂಗಳು ಕಾಯಬೇಡಿ. ನಾಟಿ ಔಷಧಿಯ ಮೇಲೆ ನಮ್ಮ ಜನಕ್ಕೆ ಇರುವ ನಂಬಿಕೆ ನನಗೆ ಗೊತ್ತು. ನನ್ನ ಅಜ್ಜಿಯೂ ಮನೆ ಹಿಂದಿನ ಗಿಡದಿಂದಲೇ ನಮ್ಮನ್ನೆಲ್ಲ ಸಾಕಿದವರು. ಆದರೆ ಈ ಗಡ್ಡೆಯನ್ನು ಕರಗಿಸುವ ಕಷಾಯ ಇಲ್ಲ. ಕಾಯುವ ತಿಂಗಳುಗಳಲ್ಲಿ ಅದು ರಕ್ತನಾಳಕ್ಕೆ ಸುತ್ತಿಕೊಂಡರೆ ಇಡಿಯಾಗಿ ತೆಗೆಯುವುದೇ ಆಗದೆ ಹೋಗಬಹುದು. ಕಿಮೊಥೆರಪಿ ಶುರುವಾದರೆ ಅದರ ಜೊತೆಗಂತೂ ಡಾಕ್ಟರಿಗೆ ಹೇಳದೆ ಏನೂ ಕುಡಿಸಬೇಡಿ. ಯಕೃತ್ತು ಎರಡನ್ನೂ ತಡೆದುಕೊಳ್ಳಲಾರದು.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ವಿಷಯ. ಮಿಕ್ಸಾಯ್ಡ್, ಅಂದರೆ ಲೋಳೆಯಂಥ ಬಗೆ, ಹೊಟ್ಟೆಯೊಳಗೇ ಹುಟ್ಟುವುದು ತೀರಾ ಅಪರೂಪ. ಅದರ ತವರು ತೊಡೆ. ಹೊಟ್ಟೆಯಲ್ಲಿ ಸಿಕ್ಕಿತು ಅಂದರೆ, ತೊಡೆಯಲ್ಲೋ ಮಂಡಿಯ ಹಿಂದೆಯೋ ಹುಟ್ಟಿ ಅಲ್ಲಿಂದ ಬಂದಿರಬಹುದು. ಇದು ಬೇರೆ ಕಡೆ ಹೋಗುವಾಗ ಶ್ವಾಸಕೋಶವನ್ನು ಬಿಟ್ಟು ಹೊಟ್ಟೆ, ಬೆನ್ನುಮೂಳೆಗೂ ಹೋಗುವ ಜಾತಿಯದು. ಇಲ್ಲವೇ ಹೊಟ್ಟೆಯ ಬೇರೆ ಬಗೆಯ ಲೈಪೋಸಾರ್ಕೋಮಾ ಲೋಳೆ ಲೋಳೆಯಾಗಿ ಮಿಕ್ಸಾಯ್ಡ್ ಹಾಗೆ ಕಂಡಿರಬಹುದು. ಅಣ್ಣನ ತೊಡೆಗಳನ್ನು ಯಾರಾದರೂ ಕೈಯಿಟ್ಟು ನೋಡಿದ್ದಾರಾ? ಹಳೆಯ ಗಂಟು ತೆಗೆಸಿದ ಗುರುತು ಇದೆಯಾ? ಹತ್ತು ವರ್ಷದ ಹಿಂದಿನದಾದರೂ ಡಾಕ್ಟರಿಗೆ ಹೇಳಿ. ಬ್ಲಾಕನ್ನು ವಂಶವಾಹಿ ಪರೀಕ್ಷೆಗೆ ಕಳಿಸಲು ಕೇಳಿ. ನಿಜವಾದ ಮಿಕ್ಸಾಯ್ಡ್‌ನಲ್ಲಿ 12 ಮತ್ತು 16ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿರುವುದು ಸಾಮಾನ್ಯ. ಇದು ಸುಮ್ನೆ ಹೆಸರಿನ ಪ್ರಶ್ನೆಯಲ್ಲ. ಮಿಕ್ಸಾಯ್ಡ್ ಬಗೆ ರೇಡಿಯೇಷನ್ನಿಗೆ ಚೆನ್ನಾಗಿ ಬಗ್ಗುತ್ತದೆ, ಕಿಮೊಥೆರಪಿಗೂ ಉಳಿದವಕ್ಕಿಂತ ಬಗ್ಗುತ್ತದೆ. ಹೆಸರು ಬದಲಾದರೆ ಚಿಕಿತ್ಸೆಯೇ ಬದಲಾಗುತ್ತದೆ.

ಪ್ರಶ್ನೆ: ಅಪ್ಪನಿಗೆ 66. 14 ತಿಂಗಳ ಹಿಂದೆ ಹೊಟ್ಟೆಯ ಹಿಂಭಾಗದ ಲೈಪೋಸಾರ್ಕೋಮಾ ತೆಗೆದರು. ಅದರ ಜೊತೆ ಎಡ ಮೂತ್ರಪಿಂಡವನ್ನೂ ತೆಗೆದರು, ಅದು ಚೆನ್ನಾಗಿಯೇ ಇತ್ತಂತೆ! ರೇಡಿಯೇಷನ್ ಕೊಡಲಿಲ್ಲ. ಈಗ ಅಪ್ಪ ಗದ್ದೆಗೆ ಹೋಗುತ್ತಾರೆ. ನಾಲ್ಕು ತಿಂಗಳಿಗೊಮ್ಮೆ ಸಿಟಿ ಮಾಡಿಸಿ ಅನ್ನುತ್ತಾರೆ. ಚೆನ್ನಾಗಿರುವವರಿಗೆ ಅಷ್ಟು ಖರ್ಚು ಯಾಕೆ?
– ಶಿಕಾರಿಪುರ

ಉತ್ತರ: ಮೂತ್ರಪಿಂಡದ ಸುತ್ತ ಕೊಬ್ಬಿನ ಹೊದಿಕೆ ಇರುತ್ತದೆ. ಗಡ್ಡೆ ಆ ಹೊದಿಕೆಯಲ್ಲಿ ಬೆರೆತಿದ್ದರೆ ಎಲ್ಲಿ ಕ್ಯಾನ್ಸರ್ ಮುಗಿಯಿತು, ಎಲ್ಲಿ ಒಳ್ಳೆಯ ಕೊಬ್ಬು ಶುರುವಾಯಿತು ಅಂತ ಬರಿಗಣ್ಣಿಗೆ ತಿಳಿಯುವುದಿಲ್ಲ. ಎರಡೂ ಒಂದೇ ಹಳದಿ. ಹಾಗಾಗಿ ಚೆನ್ನಾಗಿರುವ ಮೂತ್ರಪಿಂಡವನ್ನೂ ಸೇರಿಸಿ ತೆಗೆಯುತ್ತಾರೆ. ನಿಮ್ಮ ಅಪ್ಪನ ಸರ್ಜನ್ ಸರಿಯಾಗಿಯೇ ಮಾಡಿದ್ದಾರೆ ಅಂತ ನನಗನ್ನಿಸುತ್ತದೆ. ಇನ್ನೊಂದು ಮೂತ್ರಪಿಂಡ ಗಟ್ಟಿಯಿದ್ದರೆ ಸಾಕು. ಅದನ್ನು ಕಾಪಾಡಿಕೊಳ್ಳಿ. ಮೈಕೈ ನೋವಿಗೆ ಅಂಗಡಿ ಮಾತ್ರೆ ನುಂಗಿಸಬೇಡಿ. ಪ್ರತಿ ಸಿಟಿಗೆ ಮುಂಚೆ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ನೋಡಿಸಿ, ಒಂದೇ ಮೂತ್ರಪಿಂಡ ಇದೆ ಅಂತ ಸ್ಕ್ಯಾನ್ ಮಾಡುವವರಿಗೂ ಹೇಳಿ.

ರೇಡಿಯೇಷನ್ ಕೊಡದಿದ್ದರೆ ಮೋಸವಾಗಿಲ್ಲ. ಹೊಟ್ಟೆಯ ಹಿಂಭಾಗದ ಸಾರ್ಕೋಮಾಗಳಿಗೆ ಆಪರೇಷನ್ನಿಗೆ ಮುಂಚೆ ರೇಡಿಯೇಷನ್ ಕೊಟ್ಟರೆ ಲಾಭವಿದೆಯಾ ಅಂತ ಸ್ಟ್ರಾಸ್ ಅನ್ನುವ ಅಧ್ಯಯನ ನಡೆಯಿತು. 266 ರೋಗಿಗಳು ಇದ್ದರು. 2020ರಲ್ಲಿ ಫಲಿತಾಂಶ ಬಂತು. ಒಟ್ಟಾರೆ ನೋಡಿದರೆ ರೇಡಿಯೇಷನ್ ಪಡೆದವರಿಗೂ ಪಡೆಯದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆಪರೇಷನ್ ಆದ ಮೇಲೆ ಕೊಡುವುದು ಇನ್ನೂ ಕಷ್ಟ. ಗಡ್ಡೆ ಇದ್ದ ಜಾಗಕ್ಕೆ ಕರುಳು ಬಂದು ಕೂತಿರುತ್ತದೆ, ಅದು ಸುಡುತ್ತದೆ.

ಸಿಟಿ ಮಾತ್ರ ಬಿಡಬೇಡಿ. ಈ ಕಾಯಿಲೆ ಮರಳುವುದು ಹೆಚ್ಚಾಗಿ ಅದೇ ಜಾಗದಲ್ಲಿ, ಅದೂ ಮೊದಲ ಸಲದ ಹಾಗೆ ನೋವಿಲ್ಲದೆ. ಅಪ್ಪ ಗದ್ದೆಗೆ ಹೋಗುತ್ತಿದ್ದಾರೆ ಅನ್ನುವುದು ಸಂತೋಷ. ಆದರೆ ಅದರಿಂದ ಒಳಗೆ ಏನೂ ಇಲ್ಲ ಅಂತ ಹೇಳಲಾಗದು. ಮೊದಲ ಎರಡು ಮೂರು ವರ್ಷ 3ರಿಂದ 6 ತಿಂಗಳಿಗೊಮ್ಮೆ, ಆಮೇಲೆ ಅಂತರ ಹೆಚ್ಚಿಸುತ್ತಾ ಹೋಗುತ್ತಾರೆ. ಐದು ವರ್ಷ ದಾಟಿದ ಮೇಲೂ ಮರಳಿದ್ದನ್ನು ನಾನು ನೋಡಿದ್ದೇನೆ. ಚಿಕ್ಕದಿದ್ದಾಗ ಸಿಕ್ಕರೆ ಮತ್ತೆ ತೆಗೆಯಬಹುದು. ಹೀಗೆ ಎರಡು ಮೂರು ಸಲ ಆಪರೇಷನ್ ಆಗಿ ವರ್ಷಗಟ್ಟಲೆ ಚೆನ್ನಾಗಿ ಬಾಳಿದವರೂ ಇದ್ದಾರೆ.

ಖರ್ಚು ಕಡಿಮೆ ಮಾಡಲು ಒಂದು ದಾರಿ ಇದೆ. ಹೊಟ್ಟೆಯ ಸಿಟಿಯನ್ನು ಶಿವಮೊಗ್ಗದಲ್ಲೇ ಮಾಡಿಸಿ, ಸಿಡಿಯನ್ನು ಸರ್ಜನ್ ಹತ್ತಿರ ಒಯ್ಯಬಹುದಾ ಅಂತ ಕೇಳಿ. ಬಹಳ ಜನ ಒಪ್ಪುತ್ತಾರೆ. ಆದರೆ ಪ್ರತಿ ಸಲವೂ ಹಳೆಯ ಸಿಡಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ. ಬರೀ ರಿಪೋರ್ಟಿನ ಕಾಗದ ಸಾಲದು. ಹೊಸ ಚಿತ್ರದ ಪಕ್ಕ ಹಳೆಯದನ್ನಿಟ್ಟು ನೋಡಿದರೇ ಎಡಗಡೆ ಇರುವ ಆ ಚೂರು ಕೊಬ್ಬು ಹೋದ ವರ್ಷವೂ ಅಷ್ಟೇ ಇತ್ತಾ, ಈಗ ಬೆಳೆದಿದೆಯಾ ಅಂತ ಗೊತ್ತಾಗುವುದು.